ಹುಸೇನ್ ಅಬ್ದುಲ್ಲಾರ ಸುಜೂದ್ ಮತ್ತು ನಾವು ಮುಂದೂಡಿದ ಹಜ್ಜ್

2014ರ ಸೆಪ್ಟೆಂಬರ್ 29ರ ಸೋಮವಾರ ರಾತ್ರಿ ಅಮೆರಿಕದ ಕಾನ್ಸಾಸ್ ಸಿಟಿಯ ಆರೋಹೆಡ್ ಕ್ರೀಡಾಂಗಣದಲ್ಲಿ ಆತಿಥೇಯ ಚೀಫ್ಸ್ ತಂಡಕ್ಕೂ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡಕ್ಕೂ ಪಂದ್ಯ ನಡೆಯುತ್ತಿತ್ತು. ಆಟ ನಾಲ್ಕನೆಯ, ಅಂದರೆ ಕೊನೆಯ, ಅವಧಿಯನ್ನು ತಲುಪಿತ್ತು. ಎದುರಾಳಿ ತಂಡದ ಪ್ರಸಿದ್ಧ ಆಟಗಾರ ಟಾಮ್ ಬ್ರೇಡಿ ತನ್ನ ಸಂಗಡಿಗನಿಗೆಂದು ಎಸೆದ ಚೆಂಡನ್ನು ಚೀಫ್ಸ್ ತಂಡದ 29 ವರ್ಷದ ರಕ್ಷಣಾ ಆಟಗಾರ ಹುಸೇನ್ ಅಬ್ದುಲ್ಲಾ ನಡುವೆಯೇ ಹಿಡಿದರು. 39 ಗಜ ಓಡಿ ಅಂಕಣದ ಕೊನೆಯ ಗೆರೆಯನ್ನು ದಾಟಿದರು. ಅದೇ ಓಟದ ಭರದಲ್ಲಿ ಮೊಣಕಾಲೂರಿ ಜಾರಿ, ಹಣೆಯನ್ನು ನೆಲಕ್ಕಿಟ್ಟು ತಮ್ಮ ಪ್ರಭುವಿಗೆ ಸಾಷ್ಟಾಂಗವೆರಗಿದರು. ತೀರ್ಪುಗಾರರ ಹಳದಿ ಬಟ್ಟೆ ಅಂಗಳಕ್ಕೆ ಬಿತ್ತು. ಕ್ರೀಡಾಪಟುವಿಗೆ ತಕ್ಕುದಲ್ಲದ ವರ್ತನೆಯೆಂದು ತಂಡಕ್ಕೆ 15 ಗಜಗಳ ದಂಡ ವಿಧಿಸಲಾಯಿತು.

ಈ ದೃಶ್ಯದ ತುಣುಕು ಅಂದಿನಿಂದ ಇಂದಿನವರೆಗೆ ಮುಸ್ಲಿಮರ ಮೊಬೈಲುಗಳಲ್ಲಿ ಸುತ್ತುತ್ತಲೇ ಇದೆ. ಒಮ್ಮೆ ಶುಕ್ರವಾರದ ಶುಭಾಶಯದೊಂದಿಗೆ, ಇನ್ನೊಮ್ಮೆ ಇಸ್ಲಾಮಿನ ವಿರುದ್ಧದ ಜಾಗತಿಕ ಪಿತೂರಿಯ ಪುರಾವೆಯಾಗಿ, ಮತ್ತೊಮ್ಮೆ ‘ಅಲ್ಲಾಹನಿಗಾಗಿ ಬಿಟ್ಟವನಿಗೆ ಅಲ್ಲಾಹನು ದುಪ್ಪಟ್ಟು ಕೊಟ್ಟ’ ಎಂಬ ಶೀರ್ಷಿಕೆಯೊಂದಿಗೆ ಅದು ಬರುತ್ತದೆ. ನೋಡಿದವರು ಮಾಶಾ ಅಲ್ಲಾಹ್ ಎಂದು ಬರೆದು ಮುಂದಿನವರಿಗೆ ಕಳುಹಿಸುತ್ತಾರೆ. ಆ ಸಹೋದರನ ಬದುಕಿನಲ್ಲಿ ನಿಜಕ್ಕೂ ನಮ್ಮನ್ನು ಕುಟುಕಬೇಕಾದ ಸಂಗತಿಗಳು ಎರಡಿವೆ. ಎರಡೂ ಆ ತುಣುಕಿನಲ್ಲಿಲ್ಲ. ಅವನ್ನು ಯಾರೂ ಕಳುಹಿಸುವುದೂ ಇಲ್ಲ, ಕಳುಹಿಸಿದರೆ ಮನೆಯ ಹಿರಿಯರೊಂದಿಗೆ ಅಹಿತಕರವಾದ ಮಾತುಕತೆ ಆರಂಭವಾದೀತು. ಆ ಮಾತುಕತೆಯನ್ನು ಆರಂಭಿಸುವುದೇ ಈ ಲೇಖನದ ಉದ್ದೇಶ.

ಮೊದಲು ಪಿತೂರಿಯ ಕಥೆಯನ್ನು ಮುಗಿಸಿಬಿಡೋಣ. ಅಮೆರಿಕನ್ ಫುಟ್ಬಾಲ್ ಲೀಗಿನ ನಿಯಮದಂತೆ ಆಟಗಾರ ನೆಲದ ಮೇಲೆ ಬಿದ್ದು ಅಥವಾ ಮೊಣಕಾಲೂರಿ ಸಂಭ್ರಮಾಚರಣೆ ಮಾಡುವಂತಿರಲಿಲ್ಲ. ಧಾರ್ಮಿಕ ಅಭಿವ್ಯಕ್ತಿಗೆ ಮಾತ್ರ ಅದರಿಂದ ವಿನಾಯಿತಿಯಿತ್ತು. ಅದಕ್ಕೆ ಮೂರು ವರ್ಷ ಮುನ್ನ ಟಿಮ್ ಟೀಬೋ ಎಂಬ ಕ್ರೈಸ್ತ ಆಟಗಾರ ಒಂದು ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಭಂಗಿ ದೇಶಾದ್ಯಂತ ಅನುಕರಣೆಯ ವಸ್ತುವಾಗಿತ್ತು. ಆದ್ದರಿಂದ ಅಬ್ದುಲ್ಲಾರಿಗೆ ದಂಡ ಬಿದ್ದಾಗ ಜನ ಹುಬ್ಬೇರಿಸಿದ್ದು ಸಹಜ. ಅಮೆರಿಕದ ಮುಸ್ಲಿಮ್ ನಾಗರಿಕ ಹಕ್ಕುಗಳ ಸಂಘಟನೆ ಕೇರ್ ಸ್ಪಷ್ಟೀಕರಣ ಕೇಳಿತು. ಮರುದಿನವೇ ಲೀಗ್ ತನ್ನ ತೀರ್ಪುಗಾರರ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡಿತು. ಧಾರ್ಮಿಕ ಭಾವದಿಂದ ನೆಲಕ್ಕೆ ಬಾಗಿದವನಿಗೆ ದಂಡವಿಲ್ಲ ಎಂದು ಹೇಳಿತು. ಸ್ವತಃ ಅಬ್ದುಲ್ಲಾರು ಪಂದ್ಯದ ನಂತರ ಹೇಳಿದ್ದೇನು? ದಂಡ ಬಿದ್ದದ್ದು ಸಾಷ್ಟಾಂಗಕ್ಕಲ್ಲ, ಅದಕ್ಕೆ ಮುನ್ನ ಮೊಣಕಾಲ ಮೇಲೆ ಜಾರಿದ್ದಕ್ಕಿರಬೇಕು ಎಂದು. ಅವರ ತರಬೇತುದಾರ ಆ್ಯಂಡಿ ರೀಡ್, ಮಕ್ಕಾಕ್ಕೆ ಹೋಗಿಬಂದವನು ಎಲ್ಲಿ ಬೇಕಾದರೂ ಜಾರಬಹುದು ಎಂಬರ್ಥದ ತಮಾಷೆಯ ಮಾತಾಡಿ ತಮ್ಮ ಆಟಗಾರನ ಬೆನ್ನಿಗೆ ನಿಂತರು.

ಇಷ್ಟೇ ನಡೆದದ್ದು. ತಪ್ಪು ನಡೆಯಿತು, ಒಂದು ದಿನದೊಳಗೆ ತಿದ್ದಲ್ಪಟ್ಟಿತು. ಆದರೂ ನಮ್ಮಲ್ಲಿ ಸುತ್ತುವ ಸಂದೇಶಗಳಲ್ಲಿ ತಪ್ಪು ಮಾತ್ರ ಇರುತ್ತದೆ, ತಿದ್ದುಪಡಿ ಇರುವುದಿಲ್ಲ. ಒಂದು ಜನರ ಮೇಲಿನ ದ್ವೇಷ ನ್ಯಾಯದಿಂದ ನಮ್ಮನ್ನು ವಿಚಲಿತಗೊಳಿಸಬಾರದೆಂದು ಅಲ್‌ಮಾಇದಾ ಅಧ್ಯಾಯದಲ್ಲಿ ಆದೇಶವಿದೆ. ಬಂದ ಸುದ್ದಿಯನ್ನು ಪರೀಕ್ಷಿಸಿರೆಂದು ಅಲ್‌ಹುಜುರಾತ್ ಅಧ್ಯಾಯ ಹೇಳುತ್ತದೆ. ಮುಸ್ಲಿಮರಿಗೆ ಅನ್ಯಾಯವಾದ ನೈಜ ಪ್ರಕರಣಗಳು ಜಗತ್ತಿನಲ್ಲಿ ಸಾಕಷ್ಟಿವೆ. ಅನ್ಯಾಯವಲ್ಲದ್ದನ್ನು ಅವುಗಳ ಪಟ್ಟಿಗೆ ಸೇರಿಸುವವರು ನೈಜ ಸಂತ್ರಸ್ತರ ಮಾತಿನ ಬೆಲೆಯನ್ನೇ ಕಳೆಯುತ್ತಾರೆ. ಸಂಬಂಧಪಟ್ಟ ವ್ಯಕ್ತಿಯೇ ದೂರದ ವಿಷಯದಲ್ಲಿ ನಾವು ಅವನ ಪರವಾಗಿ ಏಕೆ ಅಳಬೇಕು?

ಸಾಷ್ಟಾಂಗದ ಬಗೆಗೂ ಒಂದು ಮಾತು. ಶುಭವಾರ್ತೆ ಬಂದಾಗ ಪ್ರವಾದಿ ಮುಹಮ್ಮದ್(ಸ) ಕೃತಜ್ಞತೆಯ ಸುಜೂದ್ ಮಾಡುತ್ತಿದ್ದರೆಂಬ ವರದಿಗಳಿವೆ. ತಮ್ಮ ಪಶ್ಚಾತ್ತಾಪ ಸ್ವೀಕೃತವಾಯಿತೆಂಬ ಕೂಗು ಬೆಟ್ಟದ ಮೇಲಿನಿಂದ ಕೇಳಿದೊಡನೆ ಕಅಬ್ ಬಿನ್ ಮಾಲಿಕ್(ರ) ನೆಲಕ್ಕೆರಗಿದ್ದು ಪ್ರಸಿದ್ಧ. ಇಮಾಮ್ ಶಾಫಿಈ ಮತ್ತು ಇಮಾಮ್ ಅಹ್ಮದ್ ಇದನ್ನು ಸುನ್ನತ್ ಎಂದರು, ಇಮಾಮ್ ಮಾಲಿಕ್ ಮಕ್ರೂಹ್ ಎಂದರು. ಆಟದಲ್ಲಿ ಅಂಕ ಗಳಿಸಿದ್ದು ಸುಜೂದಿಗೆ ತಕ್ಕ ಅನುಗ್ರಹವೇ, ಲಕ್ಷಾಂತರ ಕಣ್ಣುಗಳ ಮುಂದೆ ಅದು ಪ್ರದರ್ಶನವಾಗುವುದಿಲ್ಲವೇ ಎಂದು ಕೇಳುವ ವಿದ್ವಾಂಸರನ್ನು ನಾನು ಹೀಗಳೆಯಲಾರೆ. ಜಾರುತ್ತಾ ಬಂದು ಎರಗುವುದರಲ್ಲಿ ಸಂಭ್ರಮವೂ ಆರಾಧನೆಯೂ ಕಲಸಿಹೋಗುತ್ತವೆ ಎಂಬುದೂ ನಿಜ. ಆದರೆ ಉದ್ದೇಶಗಳನ್ನು ಬಲ್ಲವನು ಅಲ್ಲಾಹನು ಮಾತ್ರ. ಆ ಸಹೋದರ ಇಂಥ ಅವಕಾಶ ಸಿಕ್ಕರೆ ಪ್ರಭುವಿಗೆ ಎರಗುವೆನೆಂದು ಮೊದಲೇ ಮನಸ್ಸಿನಲ್ಲಿ ಸಂಕಲ್ಪಿಸಿದ್ದರು. ಇನ್ನೂ ಒಂದು ಸಂಗತಿಯಿದೆ. ಆ ವರ್ಷ ಬಕ್ರೀದ್ ಬಂದದ್ದು ಅಕ್ಟೋಬರ್ 4ಕ್ಕೆ. ಅಂದರೆ ಪಂದ್ಯ ನಡೆದದ್ದು ದುಲ್‌ಹಜ್ಜ್ ತಿಂಗಳ ಶ್ರೇಷ್ಠವಾದ ಮೊದಲ ಹತ್ತು ದಿನಗಳ ನಡುವೆ, ಹಾಜಿಗಳು ಮಕ್ಕಾದಲ್ಲಿ ನೆರೆಯುತ್ತಿದ್ದ ಹೊತ್ತಿನಲ್ಲಿ. ಎರಡು ವರ್ಷಗಳ ಹಿಂದೆ ಅದೇ ಜನಸಾಗರದಲ್ಲಿ ತಾನೂ ಒಬ್ಬನಾಗಿದ್ದವನ ಹಣೆ ಅಂದು ನೆಲ ಮುಟ್ಟಿತು.

ಇಲ್ಲಿಂದ ನಾನು ಹೇಳಬೇಕಾದ ವಿಷಯ ಆರಂಭವಾಗುತ್ತದೆ.

ಹುಸೇನ್ ಅಬ್ದುಲ್ಲಾ 1985ರಲ್ಲಿ ಲಾಸ್ ಏಂಜಲಿಸ್‌ನಲ್ಲಿ, ಹನ್ನೆರಡು ಮಕ್ಕಳ ದೊಡ್ಡ ಮುಸ್ಲಿಮ್ ಕುಟುಂಬದಲ್ಲಿ ಹುಟ್ಟಿದವರು. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ಆಡಿದರು. ಅವರ ಅಣ್ಣ ಹಂಝಾ ಕೂಡ ಅಲ್ಲಿಯೇ, ಅದೇ ಸ್ಥಾನದಲ್ಲಿ ಆಡಿದವರು. ಆ ಸ್ಥಾನದ ಹೆಸರು ಸೇಫ್ಟಿ. ಈ ಆಟ ನಮಗೆ ಪರಿಚಿತವಾದ ಕಾಲ್ಚೆಂಡಲ್ಲ. ಒಂದೊಂದು ಕಡೆಯಲ್ಲಿ ಹನ್ನೊಂದು ಮಂದಿ ತಲೆಗೆ ಗಟ್ಟಿಯಾದ ಶಿರಸ್ತ್ರಾಣ, ಹೆಗಲಿಗೆ ರಕ್ಷಾಕವಚ ತೊಟ್ಟು 100 ಗಜಗಳ ಅಂಕಣದಲ್ಲಿ ಪರಸ್ಪರ ಮೈಮೇಲೆ ನುಗ್ಗುವ ಆಟ ಅದು. ರಕ್ಷಣಾ ಪಾಳೆಯದಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವವನೇ ಸೇಫ್ಟಿ. ಮುಂದಿನವರೆಲ್ಲರನ್ನು ದಾಟಿ ಓಡಿಬರುವ ಎದುರಾಳಿಯನ್ನು ತಡೆಯುವ ಕೊನೆಯ ಗೋಡೆ ಅವನು. ಎದುರಾಳಿಯೂ ಪೂರ್ಣ ವೇಗದಲ್ಲಿರುತ್ತಾನೆ, ಇವನೂ ಪೂರ್ಣ ವೇಗದಲ್ಲಿರುತ್ತಾನೆ. ಇಬ್ಬರೂ ಢಿಕ್ಕಿ ಹೊಡೆದಾಗ ತಲೆಯೊಳಗೆ ಏನಾಗುತ್ತದೆಂಬ ವಿಷಯಕ್ಕೆ ಮುಂದೆ ಬರುತ್ತೇನೆ.

2008ರಲ್ಲಿ ನಡೆದ ಹೊಸ ಆಟಗಾರರ ಆಯ್ಕೆಯ ಏಳೂ ಸುತ್ತುಗಳಲ್ಲಿ 32 ತಂಡಗಳ ಪೈಕಿ ಯಾವುದೂ ಅವರ ಹೆಸರನ್ನು ಕರೆಯಲಿಲ್ಲ. ಆಯ್ಕೆಯಾಗದವರ ಸಾಲಿನಿಂದ ಮಿನ್ನೆಸೋಟ ವೈಕಿಂಗ್ಸ್ ತಂಡಕ್ಕೆ ಸೇರಿ, ವರ್ಷಗಟ್ಟಲೆ ಬೆವರು ಸುರಿಸಿ, 2010ರ ಹೊತ್ತಿಗೆ ಪಂದ್ಯದ ಆರಂಭದಿಂದಲೇ ಕಣಕ್ಕಿಳಿಯುವ ಆಟಗಾರರಾದರು. ಆ ವರ್ಷ ರಮಝಾನ್ ಆಗಸ್ಟ್ ತಿಂಗಳಲ್ಲಿ ಬಂತು. ಅದು ತಂಡಗಳ ತರಬೇತಿ ಶಿಬಿರದ ಕಾಲ. ಬೇಸಿಗೆಯ ದೀರ್ಘ ಹಗಲು, ಮೈಮೇಲೆ ಕವಚದ ಭಾರ, ತುಟಿಗೆ ಹನಿ ನೀರಿಲ್ಲ. ತಂಡದ ಆಹಾರ ತಜ್ಞರ ನೆರವಿನಿಂದ ಸಹರಿ ಮತ್ತು ಇಫ್ತಾರ್‌ಗಳನ್ನು ಹೊಂದಿಸಿಕೊಂಡು ಅವರು ಉಪವಾಸ ಆಚರಿಸಿದರು. ಪರೀಕ್ಷೆಯಿದೆಯೆಂದು ಮಕ್ಕಳ ಉಪವಾಸವನ್ನು ತಪ್ಪಿಸುವ ತಾಯ್ತಂದೆಯರು ನಮ್ಮ ನಡುವೆ ಇದ್ದಾರೆ. ಅವರಿಗೆ ಈ ಭಾಗವನ್ನೂ ಕಳುಹಿಸಬಹುದಿತ್ತಲ್ಲವೇ?

2011ರ ಋತುವಿನ ಅಂತ್ಯಕ್ಕೆ ತಂಡದೊಂದಿಗಿನ ಅವರ ಒಪ್ಪಂದ ಮುಗಿಯಿತು. ಹೊಸ ಒಪ್ಪಂದಕ್ಕೆ ಓಡಾಡಬೇಕಾದ ಸಮಯದಲ್ಲಿ ಅವರೂ ಅಣ್ಣ ಹಂಝಾರೂ ಒಂದು ನಿರ್ಧಾರ ಮಾಡಿದರು. 2012ರಲ್ಲಿ ಆಡುವುದಿಲ್ಲ, ಹಜ್ಜ್‌ಗೆ ಹೋಗುತ್ತೇವೆ ಎಂದು. ಆ ವರ್ಷ ಅರಫಾ ದಿನ ಬಿದ್ದದ್ದು ಅಕ್ಟೋಬರ್ 25ಕ್ಕೆ. ಅಮೆರಿಕನ್ ಫುಟ್ಬಾಲಿನ ಋತು ಸೆಪ್ಟೆಂಬರ್‌ನಿಂದ ವರ್ಷಾಂತ್ಯದವರೆಗೆ ನಡೆಯುತ್ತದೆ. ಹಜ್ಜ್ ಸರಿಯಾಗಿ ಅದರ ನಡುವೆ ಬಂದಿತ್ತು. ಋತುವಿನ ಮಧ್ಯೆ ರಜೆ ಕೊಡುವ ಉದ್ಯೋಗ ಅದಲ್ಲ. ಚಾಂದ್ರಮಾನದ ತಿಂಗಳು ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದಾದ್ದರಿಂದ, ಕೆಲವೇ ವರ್ಷ ಕಾದಿದ್ದರೆ ಹಜ್ಜ್ ಬಿಡುವಿನ ಕಾಲಕ್ಕೆ ತಾನಾಗಿ ಬರುತ್ತಿತ್ತು. ಕಾಯಲು ಅವರಿಗೆ ಕಾರಣವಿತ್ತು, ಸಮರ್ಥನೆಯೂ ಇತ್ತು. ಅವರು ಕಾಯಲಿಲ್ಲ. ಹುಸೇನರಿಗೆ ಆಗ 27 ವರ್ಷ.

ನಮ್ಮ ಮನೆಗಳಲ್ಲಿ ಹಜ್ಜ್ ಎಂದರೆ ಏನು? ಹೆಣ್ಣುಮಕ್ಕಳ ಮದುವೆ ಮುಗಿಯಬೇಕು. ಮೇಲಂತಸ್ತು ಕಟ್ಟಬೇಕು. ಮಗ ಕೆಲಸಕ್ಕೆ ಸೇರಬೇಕು. ಅಂಗಡಿಯನ್ನು ನೋಡಿಕೊಳ್ಳಲು ಒಬ್ಬ ನಂಬಿಕಸ್ಥ ಸಿಗಬೇಕು. ನಿವೃತ್ತಿಯ ಹಣ ಬರಬೇಕು. ಇವೆಲ್ಲ ಆದ ಮೇಲೆ, ಮಂಡಿಯ ಕೀಲು ಸವೆದು ಸಕ್ಕರೆ ಕಾಯಿಲೆ ಕಾಲಿಗಿಳಿದ ಮೇಲೆ, ಅಲ್ಲಾಹನ ಆಲಯದ ಕರೆ ನಮ್ಮ ಕಿವಿಗೆ ಬೀಳುತ್ತದೆ. ತವಾಫ್‌ನ ಏಳು ಸುತ್ತು, ಸಫಾ ಮರ್ವಾಗಳ ನಡುವೆ ಏಳು ಬಾರಿ ನಡಿಗೆ, ಮಿನಾದಿಂದ ಅರಫಾತ್‌ಗೆ, ಅಲ್ಲಿಂದ ಮುಝ್ದಲಿಫಾದ ಬಯಲಿಗೆ, ಮತ್ತೆ ಜಮ್ರಾಗಳಿಗೆ. ಇದು ದೇಹದ ಕಸುವನ್ನು ಬೇಡುವ ಆರಾಧನೆ. ಕಸುವಿದ್ದಾಗ ಅದನ್ನು ವ್ಯಾಪಾರಕ್ಕೆ ಕೊಟ್ಟು, ಉಳಿದ ಹಿಪ್ಪೆಯನ್ನು ಪ್ರಭುವಿನ ಮುಂದೆ ಗಾಲಿಕುರ್ಚಿಯಲ್ಲಿ ತಂದು ನಿಲ್ಲಿಸುತ್ತೇವೆ. ಬಡತನದಿಂದಲೋ ಸರದಿ ಸಿಗದೆಯೋ ತಡವಾದ ಹಿರಿಯರ ಬಗ್ಗೆ ನಾನು ಈ ಮಾತು ಆಡುತ್ತಿಲ್ಲ. ಅವರ ಕಣ್ಣೀರಿನ ಬೆಲೆ ಅಲ್ಲಾಹನಿಗೆ ಗೊತ್ತು. ಮೂವತ್ತೈದರಲ್ಲಿ ಹಣವಿದ್ದು, ಆರೋಗ್ಯವಿದ್ದು, ಅರವತ್ತರವರೆಗೆ ಕಾದವರ ಬಗ್ಗೆ ಆಡುತ್ತಿದ್ದೇನೆ.

ಅವರು ಕೊಡುವ ಉತ್ತರಗಳಲ್ಲಿ ಒಂದಕ್ಕೆ ಶಾಸ್ತ್ರದ ಬಲವಿದೆ. ಅದನ್ನು ನ್ಯಾಯವಾಗಿ ಮುಂದಿಡಬೇಕು. ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಅನುಸರಿಸುವ ಶಾಫಿಈ ಮದ್ಹಬ್‌ನಲ್ಲಿ ಹಜ್ಜ್ ಕಡ್ಡಾಯವಾದ ಕೂಡಲೇ ಹೊರಡಲೇಬೇಕೆಂದಿಲ್ಲ, ವಿಳಂಬಕ್ಕೆ ಅವಕಾಶವಿದೆ. ಹಜ್ಜ್ ಕಡ್ಡಾಯವಾದ ಬಳಿಕವೂ ಪ್ರವಾದಿವರ್ಯರು(ಸ) ಹಿಜರಿ 10ರಲ್ಲಿ ಅದನ್ನು ನೆರವೇರಿಸಿದರೆಂಬುದು ಅದಕ್ಕೆ ಆಧಾರ. ಆದರೆ ಈ ಅವಕಾಶವನ್ನು ಉಲ್ಲೇಖಿಸುವವರು ಅದರ ಷರತ್ತುಗಳನ್ನು ನುಂಗಿಬಿಡುತ್ತಾರೆ. ಮುಂದೆ ಮಾಡಿಯೇ ತೀರುವೆನೆಂಬ ದೃಢ ಸಂಕಲ್ಪವಿರಬೇಕು. ಸಾಮರ್ಥ್ಯವಿದ್ದೂ ಮಾಡದೆ ಸತ್ತರೆ ಅದೇ ಮದ್ಹಬ್‌ನ ಪ್ರಕಾರ ಅವನು ಪಾಪಿಯಾಗಿಯೇ ಸಾಯುತ್ತಾನೆ. ಅವನ ಸೊತ್ತನ್ನು ಮಕ್ಕಳು ಹಂಚಿಕೊಳ್ಳುವ ಮೊದಲು ಸಾಲ ತೀರಿಸುವಂತೆ ಅದರಿಂದ ಅವನ ಹಜ್ಜನ್ನು ಮಾಡಿಸಬೇಕು. ಇತ್ತೀಚೆಗೆ ತಂದೆಯನ್ನು ಕಳೆದುಕೊಂಡ ಎಷ್ಟು ಮನೆಗಳಲ್ಲಿ ಜಾಗದ ಅಳತೆಗೆ ಮುನ್ನ ಈ ಪ್ರಶ್ನೆ ಎದ್ದಿದೆ? ಇನ್ನು ಒಳನಾಡಿನ ಹನಫಿಗಳಿಗೆ ಈ ಸಡಿಲಿಕೆಯೂ ಇಲ್ಲ. ಇಮಾಮ್ ಅಬೂ ಯೂಸುಫ್‌ರ ಅಭಿಪ್ರಾಯದಂತೆ ಸಾಮರ್ಥ್ಯ ಬಂದ ವರ್ಷವೇ ಹಜ್ಜ್ ಕಡ್ಡಾಯ. ಮಾಲಿಕಿ ಮತ್ತು ಹಂಬಲಿ ವಿದ್ವಾಂಸರ ನಿಲುವೂ ಅದಕ್ಕೆ ಹತ್ತಿರದ್ದೇ. ಹಜ್ಜ್ ಮಾಡಬಯಸುವವನು ಅವಸರಿಸಲಿ, ರೋಗ ಬಂದೀತು, ಅಡಚಣೆ ಎದುರಾದೀತು ಎಂಬ ಆಶಯದ ಪ್ರವಾದಿ ವಚನ ಇಬ್ನು ಅಬ್ಬಾಸ್(ರ)ರಿಂದ ವರದಿಯಾಗಿದೆ. ತೀರಿಸಬೇಕಾದ ಸಾಲ, ಅವಲಂಬಿತರ ಹೊಟ್ಟೆಪಾಡು ಇವು ನಿಜವಾದ ಅಡ್ಡಿಗಳು. ಸಾವಿರ ಜನರ ಮದುವೆಯೂಟ ಯಾವ ಮದ್ಹಬ್‌ನಲ್ಲೂ ಅಡ್ಡಿಯಲ್ಲ.

ಇನ್ನೊಂದು ಉತ್ತರಕ್ಕೆ ಶಾಸ್ತ್ರದ ಬಲವಿಲ್ಲ, ಆದರೆ ಬಳಕೆಯಲ್ಲಿ ಅದೇ ಹೆಚ್ಚು. ‘ಹಜ್ಜ್ ಮಾಡಿದ ಮೇಲೆ ಪಾಪ ಮಾಡುವಂತಿಲ್ಲ. ಹಾಜಿ ಎನಿಸಿಕೊಂಡ ಮೇಲೆ ಹಾಗೆಯೇ ಬದುಕಬೇಕು. ಅದಕ್ಕೆ ಸ್ವಲ್ಪ ವಯಸ್ಸಾಗಲಿ.’ ಇದನ್ನು ದೈವಭಯವೆಂಬಂತೆ ಹೇಳುತ್ತಾರೆ. ಬಿಡಿಸಿ ನೋಡಿದರೆ ಇದರ ಅರ್ಥ, ಅರವತ್ತರವರೆಗೆ ಪಾಪ ಮಾಡಲು ನನಗೆ ಯೋಜನೆಯಿದೆ ಎಂದು. ಬಡ್ಡಿಯ ಲೆಕ್ಕ, ತೂಕದ ಮೋಸ, ಅಣ್ಣತಮ್ಮಂದಿರ ಪಾಲಿನ ಕಬಳಿಕೆ ಇವನ್ನೆಲ್ಲ ಮುಗಿಸಿ, ಕೊನೆಗೊಮ್ಮೆ ತೊಳೆದುಕೊಂಡು ಬರುವ ಸ್ನಾನದ ಕೊಳವೇ ಹಜ್ಜ್? ಹುಸೇನ್ ಅಬ್ದುಲ್ಲಾ ಯೌವನದಲ್ಲಿ ಹಜ್ಜ್ ಮುಗಿಸಿ ಮರಳಿದ್ದು ಖ್ಯಾತಿ, ಹಣ, ಮೋಜುಗಳು ತಾವಾಗಿ ಹುಡುಕಿಕೊಂಡು ಬರುವ ಉದ್ಯೋಗಕ್ಕೆ. ಅಲ್ಲಿ ಹಾಜಿಯಾಗಿ ಬದುಕುವ ಭಾರವನ್ನು ಅವರು ಇಪ್ಪತ್ತೇಳರಲ್ಲಿ ಹೊತ್ತುಕೊಂಡರು. ನಾವು ಅದನ್ನು ಹೊರಲಾರೆವೆಂದು ಹೆದರುವುದು ಇಲ್ಲಿನ ಕಿರಾಣಿ ಅಂಗಡಿಯಲ್ಲಿ ಕುಳಿತು.

‘ಅವನು ಕೋಟ್ಯಧೀಶ. ಅವನಿಗೇನು, ಒಂದು ವರ್ಷ ಬಿಟ್ಟರೂ ನಡೆಯುತ್ತದೆ’ ಎನ್ನುವವರಿದ್ದಾರೆ. ಹಣವಿತ್ತು, ನಿಜ. ಸಾಮಾನ್ಯ ನೌಕರನ ಕಷ್ಟ ಅವರಿಗಿರಲಿಲ್ಲ. ಆದರೆ ಆ ಉದ್ಯೋಗದಲ್ಲಿ ಒಂದು ವರ್ಷ ಹೊರಗುಳಿಯುವುದೆಂದರೇನು? ಪ್ರತಿ ವರ್ಷ ವಿಶ್ವವಿದ್ಯಾನಿಲಯಗಳಿಂದ ನೂರಾರು ಹೊಸ ಯುವಕರು ಬಂದು ಬಾಗಿಲು ತಟ್ಟುತ್ತಾರೆ. ಮೂವತ್ತರ ಸಮೀಪ ಬಂದವನನ್ನು, ಅದರಲ್ಲೂ ತಲೆಗೆ ಪೆಟ್ಟು ಬಿದ್ದ ಇತಿಹಾಸವಿರುವವನನ್ನು, ಮತ್ತೆ ಕರೆಯಬೇಕಾದ ಹಂಗು ಯಾವ ತಂಡಕ್ಕೂ ಇಲ್ಲ. ಹೋದವನಿಗೆ ಮರಳುವ ಬಾಗಿಲು ತೆರೆದಿರುತ್ತದೆಂಬ ಭರವಸೆಯೇ ಇರಲಿಲ್ಲ.

ಈ ಮಾತಿಗೆ ಸಾಕ್ಷಿ ಅವರ ಅಣ್ಣ. ‘ಅಲ್ಲಾಹನಿಗಾಗಿ ಬಿಟ್ಟವನಿಗೆ ದುಪ್ಪಟ್ಟು’ ಎಂಬ ಶೀರ್ಷಿಕೆ ಬರೆಯುವವರು ಹಂಝಾ ಅಬ್ದುಲ್ಲಾರ ಹೆಸರನ್ನು ಉಲ್ಲೇಖಿಸುವುದಿಲ್ಲ. 2005ರ ಆಯ್ಕೆಯ ಏಳನೆಯ ಸುತ್ತಿನಲ್ಲಿ ಟ್ಯಾಂಪಾ ಬೇ ತಂಡ ಅವರನ್ನು ಆರಿಸಿಕೊಂಡಿತ್ತು. ಬಳಿಕ ಡೆನ್ವರ್, ಅರಿಝೋನಾ ಮುಂತಾದ ತಂಡಗಳಿಗೆ ಆಡಿದರು. ತಮ್ಮನೊಂದಿಗೆ ಅದೇ ವರ್ಷ, ಅದೇ ಹಜ್ಜ್‌ಗೆ, ಅದೇ ಉದ್ದೇಶದಿಂದ ಹೋದರು. ತಮ್ಮನನ್ನು 2013ರಲ್ಲಿ ಕಾನ್ಸಾಸ್ ಸಿಟಿ ಕರೆಯಿತು. ಅಣ್ಣ ಮತ್ತೆಂದೂ ಲೀಗಿನಲ್ಲಿ ಆಡಲಿಲ್ಲ. ಅದೇ ವರ್ಷ ಅವರು ಮಾಜಿ ಆಟಗಾರರ ದೇಹ ಮತ್ತು ಮನಸ್ಸುಗಳನ್ನು ಲೀಗ್ ನಡೆಸಿಕೊಳ್ಳುವ ರೀತಿಯನ್ನು ಸಾರ್ವಜನಿಕವಾಗಿ, ಬಹಳ ಕಟುವಾದ ಮಾತುಗಳಲ್ಲಿ ಖಂಡಿಸಿದರು. ಹಾಗಾದರೆ ಹೇಳಿ, ಇಬ್ಬರಲ್ಲಿ ಯಾರ ಹಜ್ಜ್ ಸ್ವೀಕೃತವಾಯಿತು? ಒಪ್ಪಂದ ಸಿಕ್ಕವನದೇ? ಬ್ರೇಡಿಯ ಚೆಂಡು ಹಿಡಿದವನದೇ?

ಆರಾಧನೆಗೆ ಇಹಲೋಕದ ಪ್ರತಿಫಲವನ್ನು ತೂಗಿ ಕಟ್ಟುವ ಈ ಚಾಳಿ ನಮ್ಮ ಉಪದೇಶಗಳಲ್ಲಿ ಬಲವಾಗಿ ಬೇರೂರಿದೆ. ಝಕಾತ್ ಕೊಟ್ಟರೆ ವ್ಯಾಪಾರ ವೃದ್ಧಿ, ತಹಜ್ಜುದ್ ಮಾಡಿದರೆ ವೀಸಾ, ಹಜ್ಜ್ ಮಾಡಿದರೆ ಬಡ್ತಿ. ಕೊಡುವವನು ಅಲ್ಲಾಹನೇ, ಅವನು ಬಯಸಿದರೆ ಇಲ್ಲಿಯೂ ಕೊಡುತ್ತಾನೆ. ಆದರೆ ಅಂಚಿನಲ್ಲಿ ನಿಂತು ಆರಾಧಿಸುವವನು, ಒಳಿತು ಬಂದರೆ ನೆಮ್ಮದಿಯಿಂದಿದ್ದು ಪರೀಕ್ಷೆ ಬಂದರೆ ಮುಖ ತಿರುಗಿಸುವವನು ಎಂದು ಕುರ್‌ಆನ್ ವರ್ಣಿಸಿರುವುದು ಯಾರನ್ನು? ಆ ವಿವರಣೆ ಇರುವ ಅಧ್ಯಾಯದ ಹೆಸರೇ ಅಲ್‌ಹಜ್ಜ್. ನೌಕರಿ ಮರಳಿ ಸಿಗದಿದ್ದರೂ ಹೋದ ಹಂಝಾ ನಮ್ಮ ವೀಡಿಯೋಗಳಿಗೆ ಬೇಡವಾದರು. ತಮ್ಮನ ಪಕ್ಕದಲ್ಲಿ ಅವರನ್ನೂ ನಿಲ್ಲಿಸದೆ ಈ ಕಥೆಯನ್ನು ಮಕ್ಕಳಿಗೆ ಹೇಳುವುದು ಅರ್ಧಸತ್ಯ.

ಈಗ ಎರಡನೆಯ ಸಂಗತಿ. ಆಟವನ್ನು ಶೂರತನವೆಂದು ಹೊಗಳುವ ನಮ್ಮ ಯುವಕರು ಇದನ್ನು ಗಮನವಿಟ್ಟು ಓದಬೇಕು.

2002ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು, ಮೈಕ್ ವೆಬ್‌ಸ್ಟರ್ ಎಂಬ ಮಾಜಿ ಆಟಗಾರನ ಶವಪರೀಕ್ಷೆ ನಡೆಸಿದರು. ಐವತ್ತರ ಮನುಷ್ಯನ ಮಿದುಳಿನಲ್ಲಿ ಅವರು ಕಂಡದ್ದು, ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟುಗಳಿಂದ ವರ್ಷಗಳ ಕಾಲ ನಿಧಾನವಾಗಿ ಬೆಳೆಯುವ ಕ್ಷೀಣರೋಗ. ಸಿಟಿಇ ಎಂದು ಅದನ್ನು ಕರೆಯುತ್ತಾರೆ. ಮರೆವು, ಸಿಟ್ಟು, ಖಿನ್ನತೆ, ದಾರಿ ತಪ್ಪಿದ ವಿವೇಕ ಇವು ಅದರೊಂದಿಗೆ ಕಾಣಿಸಿಕೊಳ್ಳುವ ಲಕ್ಷಣಗಳು. ಬದುಕಿರುವಾಗ ಅದನ್ನು ಖಚಿತವಾಗಿ ಗುರುತಿಸಲಾಗದು, ಮರಣಾನಂತರ ಮಿದುಳನ್ನು ಪರೀಕ್ಷಿಸಿಯೇ ತಿಳಿಯಬೇಕು. ಲೀಗ್ ವರ್ಷಗಳ ಕಾಲ ಈ ಸಂಶೋಧನೆಯನ್ನು ಅಲ್ಲಗಳೆಯಿತು. 2011ರ ಫೆಬ್ರವರಿಯಲ್ಲಿ ಡೇವ್ ಡ್ಯೂರ್ಸನ್ ತಮ್ಮ ಮಿದುಳನ್ನು ಸಂಶೋಧನೆಗೆ ನೀಡಬೇಕೆಂಬ ಕೋರಿಕೆಯನ್ನು ಬಿಟ್ಟು ಆತ್ಮಹತ್ಯೆ ಮಾಡಿಕೊಂಡರು. ಅವರ ಮಿದುಳಿನಲ್ಲೂ ಅದೇ ರೋಗವಿತ್ತು. ಅವರು ಆಡುತ್ತಿದ್ದ ಸ್ಥಾನ ಯಾವುದು? ಸೇಫ್ಟಿ. 2012ರ ಮೇ ತಿಂಗಳಲ್ಲಿ ಇನ್ನೊಬ್ಬ ಖ್ಯಾತ ರಕ್ಷಣಾ ಆಟಗಾರ ಜೂನಿಯರ್ ಸಿಯಾವ್, 43ನೇ ವಯಸ್ಸಿನಲ್ಲಿ, ಅದೇ ರೀತಿ ಹೋದರು. ಅವರಲ್ಲೂ ಅದೇ ರೋಗ ಪತ್ತೆಯಾಯಿತು.

ಅಬ್ದುಲ್ಲಾ ಸಹೋದರರು ಹಜ್ಜ್‌ಗೆ ಸಿದ್ಧರಾಗುತ್ತಿದ್ದ ದಿನಗಳು ಅವು. ಹುಸೇನರ 2011ರ ಋತು ಮುಗಿದದ್ದೇ ಮಿದುಳಿನ ಆಘಾತದಿಂದ, ತಂಡ ಅವರನ್ನು ಗಾಯಾಳುಗಳ ಪಟ್ಟಿಗೆ ಸೇರಿಸಿತ್ತು. ಇದೆಲ್ಲ ಗೊತ್ತಿದ್ದೂ ಅವರು 2013ರಲ್ಲಿ ಅದೇ ಅಂಗಳಕ್ಕೆ ಮರಳಿದರು. ನಾನು ಅವರನ್ನು ಹೊಗಳುತ್ತಾ ಬಂದಿದ್ದೇನೆ, ಇಲ್ಲಿ ಮಾತ್ರ ಹೊಗಳಲಾರೆ. ನಿಮ್ಮ ಕೈಯಾರೆ ನಿಮ್ಮನ್ನು ವಿನಾಶಕ್ಕೆ ತಳ್ಳಿಕೊಳ್ಳಬೇಡಿರೆಂಬ ಅಲ್‌ಬಕರಾ ಅಧ್ಯಾಯದ ಎಚ್ಚರಿಕೆಯ ಮೂಲ ಸಂದರ್ಭ ಬೇರೆಯಾದರೂ, ವಿದ್ವಾಂಸರು ದೇಹಕ್ಕೆ ಹಾನಿ ಮಾಡಿಕೊಳ್ಳುವುದಕ್ಕೂ ಅದನ್ನು ಅನ್ವಯಿಸಿದ್ದಾರೆ. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಹೊರಟ ಅಬ್ದುಲ್ಲಾ ಬಿನ್ ಅಮ್ರ್(ರ)ರಿಗೆ ದೇಹಕ್ಕೂ ನಿನ್ನ ಮೇಲೆ ಹಕ್ಕಿದೆಯೆಂದು ಪ್ರವಾದಿಯವರು(ಸ) ತಿಳಿಹೇಳಿದರು. ಆರಾಧನೆಗಾಗಿಯೂ ದೇಹವನ್ನು ಸವೆಸಬಾರದೆಂದ ಮೇಲೆ, ಆಟಕ್ಕಾಗಿ ಮಿದುಳನ್ನು ಸವೆಸಬಹುದೇ? ಕುಸ್ತಿ, ಓಟ, ಬಿಲ್ಲುವಿದ್ಯೆ, ಕುದುರೆ ಸವಾರಿ ಇವನ್ನು ಇಸ್ಲಾಮ್ ಮೆಚ್ಚಿದೆ ಎಂಬ ಸಮರ್ಥನೆ ಈ ಜಾತಿಯ ಢಿಕ್ಕಿಗೆ ಅನ್ವಯಿಸದು. ಅದು ದುಡಿಮೆಯಲ್ಲವೇ, ಕುಟುಂಬದ ಅನ್ನವಲ್ಲವೇ ಎಂದರೆ, ಹೌದು. ಗಣಿಯಲ್ಲಿ ಇಳಿಯುವವನೂ ಅಪಾಯಕ್ಕೆ ಇಳಿಯುತ್ತಾನೆ. ಆದರೆ ಗಣಿಗೆ ಇಳಿಯುವವನಿಗೆ ಬೇರೆ ದಾರಿಯಿಲ್ಲ. ವಿಶ್ವವಿದ್ಯಾನಿಲಯದಲ್ಲಿ ಓದಿ, ನಾಲ್ಕು ವರ್ಷ ವೃತ್ತಿಪರನಾಗಿ ಗಳಿಸಿದವನಿಗೆ ಇತ್ತು.

ನನ್ನ ಆಕ್ಷೇಪಕ್ಕೆ ಉತ್ತರವನ್ನು ಅವರೇ ಕೊಟ್ಟರು, ಮೂರು ವರ್ಷ ತಡವಾಗಿ. 2015ರ ಋತುವಿನಲ್ಲಿ ಮತ್ತೊಮ್ಮೆ ತಲೆಗೆ ಪೆಟ್ಟು ಬಿತ್ತು, ಅದು ಐದನೆಯದು. ವಾರಗಳ ಕಾಲ ಹೊರಗುಳಿದರು. 2016ರ ಮಾರ್ಚ್‌ನಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ಏಳು ಋತುಗಳ ಆಟದ ನಂತರ ನಿವೃತ್ತಿ ಘೋಷಿಸಿದರು. ಮುಂದಿನ ಬದುಕಿಗೆ ತನ್ನ ಬುದ್ಧಿ ಸ್ವಸ್ಥವಾಗಿರಬೇಕೆಂಬುದು ಅವರು ಕೊಟ್ಟ ಮುಖ್ಯ ಕಾರಣ. ಬುದ್ಧಿಯ ರಕ್ಷಣೆ ಶರೀಅತ್ತಿನ ಐದು ಮೂಲೋದ್ದೇಶಗಳಲ್ಲಿ ಒಂದು. ಮದ್ಯವನ್ನು ನಿಷೇಧಿಸಿದ್ದು ಇದೇ ಕಾರಣಕ್ಕೆ ಎಂದು ಮದ್ರಸದಲ್ಲಿ ಕಲಿಯುತ್ತೇವೆ. ಅದೇ ಕಾರಣಕ್ಕೆ ಇಷ್ಟಪಟ್ಟ ವೃತ್ತಿಯನ್ನೂ ಬಿಡಬೇಕಾಗಬಹುದೆಂದು ಒಬ್ಬ ರಕ್ಷಣಾ ಆಟಗಾರ ತೋರಿಸಿದರು.

ಇದಕ್ಕೆ ಪ್ರತಿಯಾಗಿ ‘ಹಾಗಾದರೆ ಆ ವೀಡಿಯೋವನ್ನು ಹಂಚಲೇಬಾರದೇ?’ ಎಂದು ಕೇಳುವವರಿಗೆ: ಹಂಚಿರಿ. ಅದರ ಕೆಳಗೆ ಮೂರು ಸಾಲು ಸೇರಿಸಿರಿ. ಈತ 2012ರಲ್ಲಿ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಕೆಲಸ ಬಿಟ್ಟು ಹಜ್ಜ್‌ಗೆ ಹೋದವನು. ಜೊತೆಗೆ ಹೋದ ಅಣ್ಣನಿಗೆ ಕೆಲಸ ಮರಳಿ ಸಿಗಲಿಲ್ಲ. ಐದು ಬಾರಿ ತಲೆಗೆ ಪೆಟ್ಟು ತಿಂದ ಮೇಲೆ ಈತ ಆಟವನ್ನೇ ಬಿಟ್ಟ. ಇಷ್ಟು ಬರೆದು ಮೊದಲು ನಿಮ್ಮ ಮನೆಯ ಗುಂಪಿಗೆ ಕಳುಹಿಸಿರಿ, ಅಬ್ಬ ಉಮ್ಮ ಇರುವ ಗುಂಪಿಗೆ. ಹಣ ಕೂಡಿಟ್ಟೂ ಇನ್ನೂ ಹೊರಡದ ದೊಡ್ಡಣ್ಣ ಇರುವ ಗುಂಪಿಗೆ. ಈ ಬಾರಿ ಮಾಶಾ ಅಲ್ಲಾಹ್ ಎಂದು ಬರೆಯುವ ಮುನ್ನ ಅವರು ಸ್ವಲ್ಪ ಹೊತ್ತು ತೆಗೆದುಕೊಂಡಾರು.